ಅರಿಷಿಣಕ್ಕೆ ಬೀಜವಿಲ್ಲ

ಡಬ್ಬಿಯಿಂದ ಒಂದು ಅರಿಷಿಣದ ಕೊಂಬು ತೆಗೆದು ಬೆಳಕಿಗೆ ಹಿಡಿಯಿರಿ. ಮೈತುಂಬ ಉಂಗುರ ತೊಟ್ಟಂತೆ ಗೆರೆಗಳು. ಕಬ್ಬಿನ ಗಣ್ಣುಗಳಂತೆ ಇವೂ ಗಣ್ಣುಗಳೇ. ಬೇರಿಗೆ ಗಣ್ಣಿರುವುದಿಲ್ಲ; ಹಾಗಾಗಿ ಇದು ಬೇರಲ್ಲ, ನೆಲದೊಳಗೆ ಅಡ್ಡ ಮಲಗಿದ ಕಾಂಡ. ಮೇಲೆ ದಂಟಿನಂತೆ ಕಾಣುವುದು ಬಾಳೆಯಲ್ಲಿರುವ ಹಾಗೆ ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳು, ಅಷ್ಟೇ.

ಔರಾದ ತಾಲ್ಲೂಕಿನ ಚಿಂತಾಕಿ ಕಡೆ ಹೊಲವೆಂದರೆ ತೊಗರಿ, ಸೋಯಾ, ಉದ್ದು. ಮನೆ ಖರ್ಚಿನ ಅರಿಷಿಣಕ್ಕೆ ಹಿತ್ತಲ ಮೂಲೆ ಸಾಕು. ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ, ಕಣ್ಣು ಉಬ್ಬಿದ 25–30 ಗ್ರಾಂ ತೂಕದ ತುಂಡನ್ನು ಎರಡು ಇಂಚು ಆಳಕ್ಕೆ, ಒಂದಡಿಗೊಂದರಂತೆ ಊರಬೇಕು. ಎರೆ ಮಣ್ಣಾದರೆ ಮೊದಲು ಗೇಣೆತ್ತರದ ಮಡಿ ಕಟ್ಟಿ, ತಿಪ್ಪೆಗೊಬ್ಬರ ಬೆರೆಸಿ. ನೀರು ನಿಂತಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿ ಬುಡ ಹೊಗುತ್ತದೆ: ಎಲೆಯಂಚು ಹಳದಿಯಾಗುತ್ತದೆ, ಎಳೆದರೆ ದಂಟು ಕೈಗೇ ಬರುತ್ತದೆ, ಕೆಳಗೆ ಗಡ್ಡೆ ಕೊಳೆತಿರುತ್ತದೆ. ಸದಾ ಬಚ್ಚಲ ನೀರು ಹರಿಯುವ ಜಾಗ ಬಾಳೆಗಿರಲಿ.

ಊರಿದ ತುಂಡಿನ ಕಣ್ಣು ಒಡೆದು ಎಲೆಯಾಗುತ್ತದೆ, ಅದರ ಬುಡವೇ ಊದಿ ತಾಯಿಗಡ್ಡೆಯಾಗುತ್ತದೆ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆ ಕೆಳಗಿಳಿದು ಪಿಷ್ಟವಾಗಿ ಕೂಡುತ್ತದೆ. ತಾಯಿಯ ಗಣ್ಣುಗಳಿಂದ ಬೆರಳಿನಂಥ ಕೊಂಬುಗಳು ಹೊರಡುತ್ತವೆ. ಮಳೆಗಾಲದಲ್ಲಿ ಹೂವೂ ಬರಬಹುದು, ಆದರೆ ಬೀಜ ನಿರೀಕ್ಷಿಸಬೇಡಿ. ಅರಿಷಿಣದ ಜೀವಕೋಶದಲ್ಲಿ ವರ್ಣತಂತುಗಳು 63, ಅಂದರೆ 21ರ ಮೂರು ಗುಂಪು. ಬೀಜ ಕಟ್ಟಬೇಕಾದರೆ ಅವು ಸಮನಾಗಿ ಎರಡು ಪಾಲಾಗಬೇಕು. ಮೂರನ್ನು ಎರಡು ಪಾಲು ಮಾಡುವುದು ಹೇಗೆ? ನಮ್ಮ ಬಾಳೆಯೂ ಇದೇ ಲೆಕ್ಕದಲ್ಲಿ ಸೋತು ಬೀಜ ಕಳೆದುಕೊಂಡಿದ್ದು. ಹೀಗಾಗಿ ಅಜ್ಜಿ ಊರಿದ ಗಡ್ಡೆಯ ತುಂಡನ್ನೇ ಮುರಿದು ಮುರಿದು ನಾವು ಊರುತ್ತಿದ್ದೇವೆ. ಅಜ್ಜಿ ಹೋದರೂ ಅಜ್ಜಿಯ ಅರಿಷಿಣದ ಗಿಡ ಮಾತ್ರ ಅದೇ!

ಸಂಕ್ರಾಂತಿ ದಾಟಿ ಎಲೆ ಪೂರ್ತಿ ಒಣಗಿ ಬಿದ್ದ ಮೇಲೆಯೇ ಅಗೆಯಿರಿ. ಹಸಿರಿದ್ದಾಗ ಅಗೆದರೆ ಕೆಳಗಿಳಿಯಬೇಕಾದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಕೊಂಬು ಮುರಿದು, ತೊಳೆದು, ಮುಳುಗುವಷ್ಟು ನೀರಲ್ಲಿ ಮುಕ್ಕಾಲು ಗಂಟೆ ಕುದಿಸಿ. ನೊರೆ ಉಕ್ಕಿ ಘಮ ಹರಡುತ್ತದೆ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಹಸಿ ಗಡ್ಡೆಯಲ್ಲಿ ಬಣ್ಣ ಪುಟ್ಟ ಪುಟ್ಟ ಕೋಶಗಳಲ್ಲಿ ಅಡಗಿರುತ್ತದೆ. ಕುದಿತದಲ್ಲಿ ಆ ಕೋಶಗಳು ಒಡೆದು ಬಣ್ಣ ಎಲ್ಲೆಡೆ ಹರಡುತ್ತದೆ, ಪಿಷ್ಟ ಬೆಂದು ಅಂಟಾಗುತ್ತದೆ. ಹತ್ತು ಹದಿನೈದು ದಿನ ಬಿಸಿಲುಂಡ ಕೊಂಬು ಖಣ್ಣನೆ ಮುರಿಯುವುದು ಈ ಅಂಟಿನಿಂದ. ಐದು ಕಿಲೋ ಹಸಿಯದು ಒಂದು ಕಿಲೋ ಆದೀತು.

ಆ ಬಣ್ಣ ಕುರ್ಕುಮಿನ್. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೆ ಅದನ್ನು ಬೇರ್ಪಡಿಸಿದರು. ಸುಣ್ಣ ಸೋಕಿದರೆ ಕೆಂಪಾಗುತ್ತದೆ. ಕುಂಕುಮದ ಗುಟ್ಟೂ ಅದೇ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಂಡಾರ, ಅಂದರೆ ಅರಿಷಿಣ ಪುಡಿ, ಮೆತ್ತಿದ ಅಂಗಿಗೆ ಸೋಪು ಹಚ್ಚಿದಾಗ ಕೆಂಪಾದರೆ ಗಾಬರಿ ಬೇಡ. ಬಿಸಿಲಿಗೆ ಹಾಕಿ, ಕಲೆ ಮಾಸುತ್ತದೆ. ಅದಕ್ಕೇ ಪುಡಿಯ ಡಬ್ಬಿ ಕತ್ತಲಲ್ಲಿರಬೇಕು.

ಕುದಿಸುವ ಮುನ್ನ ಒಂದು ಮಾತು: ಬೆಂದ ಗಡ್ಡೆ ಮೊಳೆಯುವುದಿಲ್ಲ. ನಾಲ್ಕು ದಪ್ಪ ತಾಯಿಗಡ್ಡೆ ಹಸಿಯಾಗಿಯೇ ಎತ್ತಿಟ್ಟು, ನೆರಳಲ್ಲಿ ಉಸುಕಿನಡಿ ಮುಚ್ಚಿ, ಮಿರಗದವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ.