ಅಲೈನ್‌ಮೆಂಟ್ ಆದ ಮೇಲೂ ಸ್ಟೇರಿಂಗ್ ಸೊಟ್ಟ ಏಕೆ?

ವ್ಹೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ರಸ್ತೆಗಿಳಿದರೆ ಕಾರು ನೆಟ್ಟಗೆ ಓಡುತ್ತದೆ, ಸ್ಟೇರಿಂಗ್ ಮಾತ್ರ ಒಂದು ಪಕ್ಕಕ್ಕೆ ವಾಲಿರುತ್ತದೆ. ವಾಪಸ್ ಹೋಗಿ ಕೇಳಿದರೆ ‘ಅಲೈನ್‌ಮೆಂಟ್ ಸರಿಯಾಗೇ ಇದೆ ಸಾರ್, ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ’ ಎನ್ನುತ್ತಾರೆ. ಮೊದಲನೆಯ ಮಾತು ಅರ್ಧ ನಿಜ. ಎರಡನೆಯದನ್ನು ನಂಬಬೇಡಿ, ಅದು ತಾನಾಗಿ ಸರಿಹೋಗುವುದಿಲ್ಲ.

ಮುಂದಿನ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬ ಅಳತೆಗೆ ಟೋ ಎನ್ನುತ್ತಾರೆ. ಸ್ಟೇರಿಂಗ್ ರ್‍ಯಾಕ್‌ನಿಂದ ಎರಡೂ ಚಕ್ರಗಳಿಗೆ ಹೋಗುವ ಟೈ ರಾಡ್‌ಗಳನ್ನು ಉದ್ದ, ಗಿಡ್ಡ ಮಾಡಿ ಇದನ್ನು ಹೊಂದಿಸುತ್ತಾರೆ. ಎಡ ಚಕ್ರಕ್ಕೆ 0.10, ಬಲ ಚಕ್ರಕ್ಕೆ 0.10 ಡಿಗ್ರಿ ಇದ್ದರೆ ಒಟ್ಟು 0.20. ಎಡಕ್ಕೆ 0.60, ಬಲಕ್ಕೆ ಮೈನಸ್ 0.40 (ಅಂದರೆ ಹೊರಮುಖವಾಗಿ) ಇದ್ದರೂ ಒಟ್ಟು ಅದೇ 0.20! ಕಾರು ಓಡುವಾಗ ಎರಡು ಚಕ್ರಗಳೂ ಈ ಒಟ್ಟು ಟೋವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಹಾಗಾಗಿ ಟೈರ್ ಸವೆಯುವುದಿಲ್ಲ, ಕಾರೂ ಎಳೆಯುವುದಿಲ್ಲ. ಆದರೆ ಹಾಗೆ ಹಂಚಿಕೊಳ್ಳಲು ಚಕ್ರಗಳು ಅರ್ಧ ಡಿಗ್ರಿ ಹೊರಳಬೇಕು. ಚಕ್ರ ಒಂದು ಡಿಗ್ರಿ ಹೊರಳಿದರೆ ಸ್ಟೇರಿಂಗ್ ಸುಮಾರು 15 ಡಿಗ್ರಿ ತಿರುಗುವುದರಿಂದ, ಆ ಅರ್ಧ ಡಿಗ್ರಿ ನಿಮ್ಮ ಕೈಯಲ್ಲಿ ಏಳೆಂಟು ಡಿಗ್ರಿಯ ಸೊಟ್ಟವಾಗಿ ಕಾಣುತ್ತದೆ.

ತಪ್ಪು ಸಾಮಾನ್ಯವಾಗಿ ಆಗುವುದು ಶುರುವಿನಲ್ಲೇ. ಟೋ ಹೊಂದಿಸುವ ಮೊದಲು ಸ್ಟೇರಿಂಗನ್ನು ನೆಟ್ಟಗೆ ಮಾಡಿ, ಅಲುಗದಂತೆ ಹೋಲ್ಡರ್ ಹಾಕಬೇಕು. ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಆದರೆ ಎಂಜಿನ್ ಚಾಲೂ ಇಟ್ಟು, ಎಡಬಲಕ್ಕೆ ಸ್ವಲ್ಪ ಆಡಿಸಿ, ನಡುವೆ ನಿಲ್ಲಿಸಬೇಕು. ಅವಸರದಲ್ಲಿ ಇದನ್ನೆಲ್ಲ ಬಿಟ್ಟು ಕಣ್ಣಂದಾಜಿನಲ್ಲಿ ಮುಗಿಸುತ್ತಾರೆ. ಟೈ ರಾಡಿನ ಲಾಕ್ ನಟ್ ಬಿಗಿಮಾಡುವಾಗ ರಾಡ್ ತುಸು ತಿರುಗಿಬಿಟ್ಟರೂ ಇದೇ ಗತಿ.

ಪರಿಹಾರ ಸುಲಭ. ಒಂದು ಕಡೆಯ ಟೈ ರಾಡನ್ನು ಎಷ್ಟು ಉದ್ದ ಮಾಡುತ್ತಾರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಬೇಕು. ಒಟ್ಟು ಟೋ ಬದಲಾಗದೆ ಸ್ಟೇರಿಂಗ್ ನಡುವಿಗೆ ಬರುತ್ತದೆ.

ಕೆಲವರು ಇದನ್ನು ಬಿಟ್ಟು ಸ್ಟೇರಿಂಗನ್ನೇ ಬಿಚ್ಚಿ, ಒಂದು ಹಲ್ಲು ತಿರುಗಿಸಿ ಕೂರಿಸುತ್ತಾರೆ. ಇದಕ್ಕೆ ಒಪ್ಪಲೇಬೇಡಿ. ನೋಡಲು ನೆಟ್ಟಗಾದರೂ ರ್‍ಯಾಕ್ ನಡುವಿನಲ್ಲಿರುವುದಿಲ್ಲ. ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಸ್ಟೇರಿಂಗಿನೊಳಗೆ ಏರ್‌ಬ್ಯಾಗ್ ಇದೆ ಎಂಬುದೂ ನೆನಪಿರಲಿ. ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್‌ನ ಲೆಕ್ಕವೂ ತಪ್ಪಬಹುದು.

ಟೈ ರಾಡ್ ಸರಿಮಾಡಿದರೂ ಸೊಟ್ಟ ಹೋಗದಿದ್ದರೆ ಹಿಂದಿನ ಆಕ್ಸಲ್ ನೋಡಿಸಿ. ದೊಡ್ಡ ಗುಂಡಿಗೆ ಬಿದ್ದು ಅದು ಬಾಗಿದ್ದರೆ ಹಿಂದಿನ ಚಕ್ರಗಳು ಕಾರನ್ನು ಓರೆಯಾಗಿ ತಳ್ಳುತ್ತವೆ, ಅದಕ್ಕೆ ತಕ್ಕಂತೆ ನೀವು ಸ್ಟೇರಿಂಗ್ ತಿರುಗಿಸಿ ಹಿಡಿಯಬೇಕಾಗುತ್ತದೆ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಟೋ ಹೊಂದಿಸುವ ವ್ಯವಸ್ಥೆಯೇ ಇಲ್ಲ. ಟೈ ರಾಡ್ ಎಂಡ್, ಲೋವರ್ ಆರ್ಮ್ ಬುಷ್ ಸವೆದು ಆಟ ಬಂದಿದ್ದರಂತೂ ಅವನ್ನು ಬದಲಿಸದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲದು.

ಕಾರು ಎಳೆಯುವುದು ಬೇರೆ ದೋಷ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಹಿಡಿತ ಸಡಿಲಿಸಿ ನೋಡಿ. ಸ್ಟೇರಿಂಗ್ ಸೊಟ್ಟ ಇದ್ದೂ ಕಾರು ನೆಟ್ಟಗೆ ಹೋದರೆ ಮೇಲೆ ಹೇಳಿದ್ದೇ ಕಾರಣ. ಪಕ್ಕಕ್ಕೆ ಸರಿದರೆ ಮೊದಲು ಟೈರ್ ಗಾಳಿ ನೋಡಿ. ರಸ್ತೆಯ ಅಂಚು ಇಳಿಜಾರಾಗಿರುವುದರಿಂದ ಸ್ವಲ್ಪ ಎಡಕ್ಕೆ ವಾಲುವುದು ಸಹಜ.

ಅಲೈನ್‌ಮೆಂಟ್ ಆದ ಕೂಡಲೇ ಪ್ರಿಂಟೌಟ್ ಕೇಳಿ ಪಡೆಯಿರಿ. ಒಟ್ಟು ಟೋ ಹಸಿರಿನಲ್ಲಿದ್ದರೆ ಸಾಲದು, ಎಡ ಮತ್ತು ಬಲದ ಅಂಕಿಗಳು ಹೆಚ್ಚುಕಮ್ಮಿ ಒಂದೇ ಇರಬೇಕು. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ, ಸ್ಟೇರಿಂಗ್ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆಯೇ ದುಡ್ಡು ಕೊಡಿ.