ಸಾಲದ ಸಂಕಟದಲ್ಲಿ ಚುನಾವಣೆ: 1991ರ ಭಾರತ, 2015ರ ಗ್ರೀಸ್

ದೇಶವೇ ಸಾಲದಲ್ಲಿ ಸಿಲುಕಿರುವಾಗ ಚುನಾವಣೆ ಬಂದರೆ ನಮ್ಮ ಮತಕ್ಕೆ ಎಷ್ಟು ಬಲವಿರುತ್ತದೆ? ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಹಿರಿಯರು ಅಂಥದೊಂದು ಚುನಾವಣೆಯನ್ನು ಕಂಡವರು. ಅದು 1991ರ ಲೋಕಸಭಾ ಚುನಾವಣೆ.

ಆಗ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಮಾತ್ರ ದೇಶದಲ್ಲಿ ಉಳಿದಿತ್ತು. ಚಂದ್ರಶೇಖರ್ ಅವರ ಉಸ್ತುವಾರಿ ಸರ್ಕಾರದ ಕಾಲದಲ್ಲಿ, ಮೇ ತಿಂಗಳಿನಲ್ಲಿ, 20 ಟನ್ ಚಿನ್ನ ಸ್ವಿಸ್ ಬ್ಯಾಂಕೊಂದಕ್ಕೆ ಹೋಯಿತು. ಮೇ 21ರಂದು ರಾಜೀವ್ ಗಾಂಧಿಯವರ ಹತ್ಯೆಯಾಗಿ, ಉಳಿದ ಮತದಾನ ಜೂನ್‌ಗೆ ಮುಂದೆ ಹೋಯಿತು. ನಮ್ಮ ಜಿಲ್ಲೆಯ ಕೆನರಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕ ಗೆದ್ದರು. ಜೂನ್ 21ರಂದು ಪಿ.ವಿ. ನರಸಿಂಹ ರಾವ್ ಪ್ರಧಾನಿಯಾದರು.

ಜುಲೈ 1 ಮತ್ತು 3ರಂದು ಹೊಸ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಹೀಗೆ ಮಾಡಿದರೆ ನಮ್ಮ ಸರಕು ಹೊರದೇಶದವರಿಗೆ ಅಗ್ಗವಾಗುತ್ತದೆ, ಆಮದು ನಮಗೆ ತುಟ್ಟಿಯಾಗುತ್ತದೆ. ಜುಲೈ 24ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ರಸಗೊಬ್ಬರದ ದರವನ್ನು ಸರಾಸರಿ ಶೇ. 40 ಏರಿಸಿದರು. ಸಂಸತ್ತಿನಲ್ಲಿ ವಿರೋಧ ಎದ್ದ ಮೇಲೆ ಅದು ಶೇ. 30ಕ್ಕೆ ಇಳಿಯಿತು. ಹಳಿಯಾಳದ ಭತ್ತದ ರೈತನಿಗೆ ಇದು ಸಣ್ಣ ಮಾತಲ್ಲ. ಮತ ಹಾಕಿದ ಮೇಲೂ ಜನಪ್ರತಿನಿಧಿಯನ್ನು ಕೇಳುತ್ತಿರಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಗ್ರೀಸ್‌ಗೆ ಬೆಲೆ ಇಳಿಸಲು ಸ್ವಂತ ನಾಣ್ಯವೇ ಇರಲಿಲ್ಲ. 2001ರಲ್ಲಿ ಅದು ಹಲವು ದೇಶಗಳ ಸಾಮಾನ್ಯ ನಾಣ್ಯವಾದ ಯೂರೋವನ್ನು ಸೇರಿತ್ತು. 2010ರಿಂದ ಸಾಲ ಕೊಟ್ಟವರ ಷರತ್ತಿನಂತೆ ಸಂಬಳ, ಪಿಂಚಣಿಗಳಿಗೆ ಕತ್ತರಿ ಬಿತ್ತು. 2015ರ ಜನವರಿ 25ರಂದು ಜನರು ಈ ಷರತ್ತುಗಳನ್ನು ವಿರೋಧಿಸಿದ ಸಿರಿಜಾ ಪಕ್ಷವನ್ನು ಗೆಲ್ಲಿಸಿದರು. ಜೂನ್ ಕೊನೆಗೆ ಬ್ಯಾಂಕುಗಳು ಮುಚ್ಚಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರ ಜನಮತಗಣನೆಯಲ್ಲಿ ಶೇ. 61 ಮಂದಿ 'ಬೇಡ' ಎಂದರೂ, ಸರ್ಕಾರ ಕೆಲವೇ ದಿನಗಳಲ್ಲಿ ಹೊಸ ಷರತ್ತುಗಳಿಗೆ ಒಪ್ಪಬೇಕಾಯಿತು.

ಹಾಗಾದರೆ ನಮ್ಮಲ್ಲೂ ಎಲ್ಲ ರಾಜ್ಯಗಳಿಗೆ ಒಂದೇ ರೂಪಾಯಿ ಇದೆಯಲ್ಲ ಎಂದು ನಾವು ಕೇಳಬಹುದು. ನಿಜ. ದಾಂಡೇಲಿಯ ಕಾಗದಕ್ಕೆ ಬೇಡಿಕೆ ಕುಸಿದರೆ ದಾಂಡೇಲಿಗೆಂದು ಬೇರೆ ರೂಪಾಯಿಯ ಬೆಲೆ ಇಳಿಸಲಾಗದು. ಆದರೆ ನಮ್ಮ ನಾಣ್ಯದ ಹಿಂದೆ ಒಂದು ಸಾಮಾನ್ಯ ಖಜಾನೆ ಇದೆ. ಕೇಂದ್ರದ ತೆರಿಗೆ ಹಣಕಾಸು ಆಯೋಗದ ಲೆಕ್ಕದಂತೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಕಾಡೇ ಹೆಚ್ಚಿರುವ ಜೋಯಿಡಾದಂಥ ತಾಲೂಕಿಗೂ ಪಡಿತರ, ವೃದ್ಧಾಪ್ಯ ವೇತನ ತಲುಪುತ್ತದೆ. ಯೂರೋ ದೇಶಗಳಿಗೆ ಇಷ್ಟು ದೊಡ್ಡ ಸಾಮಾನ್ಯ ಖಜಾನೆ ಇರಲಿಲ್ಲ. ಗ್ರೀಸ್‌ಗೆ ಸಿಕ್ಕಿದ್ದು ಮುಖ್ಯವಾಗಿ ಮತ್ತಷ್ಟು ಸಾಲ.

ಆದ್ದರಿಂದ ಮತ ಕೇಳಲು ಬಂದವರಿಗೆ ನಾವು ಮೂರು ಪ್ರಶ್ನೆ ಹಾಕೋಣ: ನೀವು ಕೊಡುವ ಭರವಸೆಗೆ ಹಣ ಎಲ್ಲಿಂದ? ಸಾಲವಾದರೆ ತೀರಿಸುವವರು ಯಾರು? ಕಷ್ಟ ಬಂದಾಗ ಮೊದಲು ಕಡಿತವಾಗುವುದು ಯಾರ ಪಾಲು?