ದೀಪಾವಳಿಯ ಪಂಕ್ತಿಯಲ್ಲಿ ದ್ವಿದಳವ್ರತ

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರು. ಆದರೂ ಮಾಧ್ವ ಮನೆತನದ ವ್ರತಸ್ಥ ಹಿರಿಯಾಕೆ ದೀಪಾವಳಿಗೆಂದು ತಮ್ಮನ ಮನೆಗೆ ಹೊರಟರೆ ಊಟದ ಚಿಂತೆ ಬೆನ್ನು ಬಿಡದು. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು ವರ್ಜ್ಯ. ಇವು ಹೇಗೋ ಸಾಗುತ್ತವೆ. ಹಬ್ಬ ಬರುವುದು ನಾಲ್ಕನೆಯದಾದ ದ್ವಿದಳವ್ರತದಲ್ಲಿ. ಎರಡಾಗಿ ಒಡೆಯುವ ಕಾಳು ಯಾವುದೂ ಸಲ್ಲದು: ತೊಗರಿಬೇಳೆಯ ಸಾರಿಲ್ಲ, ಕಡಲೆಬೇಳೆಯ ಹೋಳಿಗೆಯಿಲ್ಲ, ಉದ್ದು ಬೆರೆತ ಆ ಊರಿನ ಬೆಣ್ಣೆದೋಸೆಯೂ ಇಲ್ಲ. ಒಗ್ಗರಣೆಗೆ ಬಿದ್ದ ಚಿಟಿಕೆ ಉದ್ದಿನಬೇಳೆ ಸಹ (ಪಾಪ, ಅದು ಯಾರಿಗೆ ಹೊಳೆದೀತು!) ವ್ರತಕ್ಕೆ ವಿಘ್ನವೇ. ಬಡಿಸಿದ ಹೋಳಿಗೆಯನ್ನು ಬೇಡವೆಂದರೆ ತಮ್ಮನ ಹೆಂಡತಿಗೆ ನೋವು, ತಿಂದರೆ ವ್ರತಭಂಗ. ನಾಲ್ಕು ದಿನ ಮೊದಲೇ ತಿಳಿಸುವುದು ಲೇಸೆಂದು ನನ್ನ ಎಣಿಕೆ. ಕಾಯಿಹೋಳಿಗೆ, ಜೀರಿಗೆಯ ಒಗ್ಗರಣೆಯ ಮೊಸರನ್ನ ಬೇರೆ ಪಾತ್ರೆಯಲ್ಲಿದ್ದರೆ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕೂಡಬಹುದು.